ಉಪ್ಪು ಬಿಟ್ಟಪ್ಪನ ಬುರುಜು

ಜಾಲಿಗಡಕ್ಕೆ ಈಗ ಹೋಗುವವರಿಗೆ ಮೊದಲು ಕಾಣುವುದು ಗಾಳಿಯಂತ್ರಗಳು. ಗುಡ್ಡದ ನೆತ್ತಿಯ ಮೇಲೆ ಸಾಲಾಗಿ ನಿಂತು ತಿರುಗುತ್ತಿರುತ್ತವೆ. ಅವುಗಳ ಕೆಳಗೆ ಎರಡು ಹೊಲ ದಾಟಿದರೆ ಕೋಟೆ. ಕೋಟೆ ಎಂದರೆ ಹೆಚ್ಚೇನೂ ಉಳಿದಿಲ್ಲ. ಮೂರು ದಿಕ್ಕಿನ ಗೋಡೆ ನೆಲಸಮ. ಅಗಸಿಬಾಗಿಲಿನ ಒಂದು ಕಂಬ ಇದೆ, ಅದಕ್ಕೆ ಯಾರೋ ಎಮ್ಮೆ ಕಟ್ಟುತ್ತಾರೆ. ಪಡುವಣ ಮೂಲೆಯ ಬುರುಜೊಂದು ಮಾತ್ರ ಗಟ್ಟಿಯಾಗಿ ನಿಂತಿದೆ. ಕೆಳಗೆ ಕಲ್ಲು, ಮೇಲೆ ಮಣ್ಣು. ಹತ್ತಲು ಹತ್ತೊಂಬತ್ತು ಮೆಟ್ಟಿಲು, ನಡುವೆ ಎರಡು ಕಿತ್ತು ಹೋಗಿವೆ. ಇಲಾಖೆಯವರು ನೆಟ್ಟ ಹಲಗೆಯಲ್ಲಿ ಪಶ್ಚಿಮ ಬುರುಜು ಎಂದು ಬರೆದಿದೆ. ಆ ಹೆಸರು ಹಿಡಿದು ಕೇಳಿದರೆ ಊರಲ್ಲಿ ಯಾರೂ ದಾರಿ ತೋರಿಸಲಾರರು. ಊರವರು ಅದನ್ನು ಉಪ್ಪು ಬಿಟ್ಟಪ್ಪನ ಬುರುಜು ಎನ್ನುತ್ತಾರೆ. ಅದು ಯಾವ ದೇವರು ಎಂದು ಹೊರಗಿನವರು ಕೇಳುವುದುಂಟು. ದೇವರಲ್ಲ, ಮನುಷ್ಯ. ಕೋಟೆ ಕಟ್ಟಿದವನಲ್ಲ, ಕತ್ತಿ ಹಿಡಿದು ಕಾದವನೂ ಅಲ್ಲ. ಕೋಟೆ ಬಿದ್ದದ್ದು ತನ್ನಿಂದ ಎಂದು ತಾನೇ ಹೇಳಿದವನು.

ಕಂಪನಿ ಸರಕಾರದವರು ಈ ಸೀಮೆಯ ಕೋಟೆಗಳನ್ನು ಒಂದೊಂದಾಗಿ ಕೈಗೆ ತೆಗೆದುಕೊಳ್ಳುತ್ತಿದ್ದ ಕಾಲ ಅದು. ಜಾಲಿಗಡದ ದೇಸಾಯಿಗೂ ಕಾಗದ ಬಂತು. ತೋಪು ಬಂದೂಕು ಎಲ್ಲ ಒಪ್ಪಿಸಬೇಕು, ಬಾಗಿಲಿನ ಕೀಲಿ ಕೊಡಬೇಕು ಎಂದು ಅದರಲ್ಲಿತ್ತು. ದೇಸಾಯಿ ಕಾಗದ ಓದಿಸಿ ಕೇಳಿದ. ಇದು ನನ್ನ ಅಜ್ಜ ಕಟ್ಟಿದ ಬಾಗಿಲು, ಕೀಲಿ ಎಲ್ಲಿದೆ ಎಂದು ನನಗೇ ಗೊತ್ತಿಲ್ಲ ಎಂದು ಬರೆಯಿಸಿ ಕಳಿಸಿದ. ಅದರಿಂದ ಯುದ್ಧ ಹತ್ತಿತು. ಒಂದೇ ಬೇಸಿಗೆಯಲ್ಲಿ ಮೂರು ಕಾಳಗ ನಡೆದವು ಎನ್ನುತ್ತಾರೆ. ಊರವರು ಈಗಲೂ ಹಾಗೆಯೇ ಎಣಿಸುತ್ತಾರೆ: ಹಳ್ಳದ ಕಾಳಗ, ಅಗಸಿಯ ಕಾಳಗ, ಬುರುಜಿನ ಕಾಳಗ. ಮೊದಲಿನ ಎರಡನ್ನು ಜಾಲಿಗಡ ಗೆದ್ದಿತು. ಮೂರನೆಯದರಲ್ಲಿ ಎಲ್ಲ ಹೋಯಿತು.

ಆ ಹೊತ್ತಿಗೆ ಪಡುವಣ ಬುರುಜಿನ ಬುಡದಲ್ಲಿ, ಗೋಡೆಯ ಒಳಮಗ್ಗುಲಿಗೆ, ಉಪ್ಪಾರರ ಕೇರಿ ಇತ್ತು. ಏಳು ಮನೆ. ಆರು ಮನೆಯವರು ಸವುಳು ಮಣ್ಣು ತೊಳೆದು ಊಟದ ಉಪ್ಪು ತೆಗೆಯುತ್ತಿದ್ದರು. ಏಳನೆಯ ಮನೆ ಹುಚ್ಚೀರಪ್ಪನದು. ಅವನು ತೆಗೆಯುತ್ತಿದ್ದುದು ಮದ್ದಿನುಪ್ಪು. ತೋಪಿನ ಮದ್ದಿಗೆ ಬೇಕಾಗುವ ಉಪ್ಪು ಅದು. ಇದ್ದಿಲು, ಗಂಧಕ ಎಷ್ಟೇ ಇರಲಿ, ಇದು ಇಲ್ಲದೆ ಮದ್ದಿಲ್ಲ. ಹಳೆಯ ಮಣ್ಣಿನ ಗೋಡೆಗಳ ಬುಡದಲ್ಲಿ, ದನ ಕಟ್ಟುವ ಜಾಗದಲ್ಲಿ, ನೆಲದಿಂದ ಬಿಳಿ ಹಿಟ್ಟಿನಂತೆ ಏಳುತ್ತದೆ. ಅದನ್ನು ಕೆರೆದು ತರಬೇಕು. ಗುಂಡಿಯಲ್ಲಿ ಹಾಕಿ ನೀರು ಬಿಟ್ಟು ಇಳಿಸಬೇಕು. ಇಳಿದ ನೀರಿಗೆ ಬೂದಿ ಹಾಕಿ ಕೊಪ್ಪರಿಗೆಯಲ್ಲಿ ಕುದಿಸಬೇಕು. ಕುದಿಯುವಾಗ ಊಟದ ಉಪ್ಪು ಮೊದಲು ತಳಕ್ಕೆ ಬೀಳುತ್ತದೆ, ಅದನ್ನು ಸೌಟಿನಿಂದ ಎತ್ತಿ ಹಾಕಬೇಕು. ಉಳಿದ ನೀರನ್ನು ಅಗಲ ಬಾಯಿಯ ಮಡಕೆಗಳಿಗೆ ಸುರಿದು ಆರಲು ಬಿಟ್ಟರೆ ಸೂಜಿಯಂತೆ ಮದ್ದಿನುಪ್ಪು ಕಟ್ಟುತ್ತದೆ. ಒಂದು ಸಲಕ್ಕೆ ಶುದ್ಧವಾಗುವುದಿಲ್ಲ. ಕರಗಿಸಿ ಮತ್ತೆ ಕುದಿಸಬೇಕು. ಎಷ್ಟು ಸಲ ಎಂಬುದನ್ನು ಹೇಳುವುದು ಒಲೆಯಲ್ಲ, ಕಣ್ಣಲ್ಲ, ನಾಲಿಗೆ. ಚೂರು ನಾಲಿಗೆಯ ಮೇಲೆ ಇಟ್ಟರೆ ತಣ್ಣಗಾಗಬೇಕು. ತಣ್ಣಗಾಗಿ ಕಡೆಗೆ ಸ್ವಲ್ಪ ಕಹಿ ಎಳೆಯಬೇಕು. ಆ ತಣ್ಣಗಿನ ಹಿಂದೆ ಊಟದ ಉಪ್ಪಿನ ರುಚಿ ಸಿಕ್ಕಿತೋ, ಮತ್ತೆ ಒಲೆಗೆ. ಯಾಕೆಂದರೆ ಊಟದ ಉಪ್ಪು ಉಳಿದ ಮದ್ದು ಒಣ ಬಿಸಿಲಲ್ಲಿ ಹಚ್ಚಿದರೆ ಚೆನ್ನಾಗಿಯೇ ಉರಿಯುತ್ತದೆ, ತಂಪು ಗಾಳಿ ಬಿಟ್ಟರೆ ನೀರು ಎಳೆದುಕೊಂಡು ಮುದ್ದೆಯಾಗುತ್ತದೆ.

ಹುಚ್ಚೀರಪ್ಪನ ಪಾಲಿನದು ಮಣ್ಣು ಮತ್ತು ಬೆಂಕಿ. ನಾಲಿಗೆ ಅವನ ಹೆಂಡತಿ ಸಂಕವ್ವನದು. ಹದಿನೆಂಟು ವರ್ಷ ಹಾಗೆಯೇ ನಡೆದಿತ್ತು. ಒಂದೊಂದು ಮಡಕೆಯಿಂದ ಬೆರಳ ತುದಿಯಲ್ಲಿ ಚೂರು ತೆಗೆದು ನಾಲಿಗೆಗೆ ಹಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಆಮೇಲೆ ಉಗುಳಿ, ಬೆರಳನ್ನು ಸೆರಗಿಗೆ ಒರೆಸುತ್ತಿದ್ದಳು. ಅವಳ ಸೆರಗಿನ ತುದಿ ಯಾವಾಗಲೂ ಬೆಳ್ಳಗೆ ಬಿರುಸಾಗಿರುತ್ತಿತ್ತು. ನೀವೂ ಒಂದು ಸಲ ರುಚಿ ನೋಡಿ ಎಂದು ಅವಳು ಗಂಡನಿಗೆ ಯಾವತ್ತೂ ಹೇಳಲಿಲ್ಲ. ಎದುರು ಮನೆಯ ನೀಲವ್ವನ ಹತ್ತಿರ ನಗುತ್ತಿದ್ದಳು. "ನಮ್ಮ ಮನಿಯವರ ನಾಲಿಗೀಗೆ ಬೆಲ್ಲ ಬ್ಯಾರೆ, ಉಪ್ಪು ಬ್ಯಾರೆ ಅಂತ ಗೊತ್ತಾಗಂಗಿಲ್ಲವ್ವಾ. ಹಾಕಿದ್ದ ತಿಂತಾರ, ಸುಮ್ಮಕ ಏಳ್ತಾರ." ಹುಚ್ಚೀರಪ್ಪ ಕೇಳಿಸಿಕೊಂಡು ಕಟ್ಟಿಗೆ ಮುರಿಯುತ್ತಿದ್ದ. ಅದು ನಿಜವೇ ಆಗಿತ್ತು.

ಅವಳು ಅಷ್ಟು ನಿಗಾ ಮಾಡುವುದಕ್ಕೆ ಕಾರಣ ಇತ್ತು. ಬುರುಜಿನ ಮೇಲಿನ ದೊಡ್ಡ ತೋಪಿನ ಹಿಂದೆ ನಿಲ್ಲುವವನು ಬರಮ, ಅವಳ ತಮ್ಮ. ತಾಯಿ ಸತ್ತ ಮೇಲೆ ಅವನನ್ನು ಬೆಳೆಸಿದವಳು ಅವಳೇ. ಮದ್ದು ಕೈಕೊಟ್ಟರೆ ಮೊದಲು ಹೋಗುವುದು ತೋಪಿನ ಹಿಂದೆ ನಿಂತವನ ಜೀವ. ಆದ್ದರಿಂದ ಒಂದೊಂದು ಮಡಕೆಯನ್ನೂ ಅವಳು ತಮ್ಮನ ಸಲುವಾಗಿ ರುಚಿ ನೋಡುತ್ತಿದ್ದಳು. ಬರಮ ಇಪ್ಪತ್ತಾರರ ಆಳು. ಮಾತು ಜಾಸ್ತಿ. ಬುರುಜಿನಿಂದ ಇಳಿದು ಊಟಕ್ಕೆ ಬಂದಾಗ ಅಕ್ಕನ ಗಂಡನನ್ನು, ಆ ಕಡೆಯ ರೂಢಿಯಂತೆ, ಮಾವ ಎಂದೇ ಕರೆದು ಕೆಣಕುತ್ತಿದ್ದ. "ಮಾವ, ನಿನ್ನಕಿಂತ ನನ್ನ ತೋಪು ಜಾಸ್ತಿ ಮಾತಾಡ್ತೈತಿ ನೋಡು." ಹುಚ್ಚೀರಪ್ಪ ಹೂಂ ಎನ್ನುತ್ತಿದ್ದ. "ನೋಡಕ್ಕ, ಹೂಂ ಅಂದ. ಮಾತು ಇವತ್ತಿಂದು ಮುಗೀತು" ಎಂದು ಬರಮ ರೊಟ್ಟಿ ಮುರಿಯುತ್ತಿದ್ದ.

ಚೈತ್ರದಲ್ಲಿ ಹಳ್ಳದ ಕಾಳಗ ಆಯಿತು. ಕಂಪನಿಯ ನೂರು ಮಂದಿ ಒಬ್ಬ ಸಾಹೇಬನನ್ನು ಮುಂದಿಟ್ಟುಕೊಂಡು ಹಳ್ಳ ದಾಟಲು ಬಂದರು. ಜಾಲಿಗಡದವರು ಜಾಲಿಯ ಪೊದೆಗಳ ಹಿಂದೆ ಬಂದೂಕು ಹಿಡಿದು ಕೂತಿದ್ದರು. ಕಂಪನಿಯವರು ನೀರಿಗೆ ಇಳಿಯುವ ತನಕ ಬಿಟ್ಟು ಒಮ್ಮೆಲೇ ಹೊಡೆದರು. ಒಂದು ಬಂದೂಕೂ ತಪ್ಪಲಿಲ್ಲ ಎನ್ನುತ್ತಾರೆ. ಬಂದವರು ಸತ್ತವರನ್ನು ಹೊತ್ತುಕೊಂಡು ಹಿಂದಿರುಗಿದರು. ಊರಲ್ಲಿ ಸಕ್ಕರೆ ಹಂಚಿದರು. ಸಂಕವ್ವ ಮರುದಿನ ಎಂದಿನಂತೆ ಬುಟ್ಟಿ ಹಿಡಿದು ಮಣ್ಣು ಕೆರೆಯಲು ಹೋದಳು.

ವೈಶಾಖದ ಕೊನೆಗೆ ಅಗಸಿಯ ಕಾಳಗ. ಈ ಸಲ ಎರಡು ತೋಪು, ಕುದುರೆ, ಆರು ನೂರು ಮಂದಿ. ಏಳು ದಿನ ಅಗಸಿಬಾಗಿಲಿಗೆ ಹೊಡೆದರು. ಬಾಗಿಲು ಬಿರುಕು ಬಿಟ್ಟಿತೇ ಹೊರತು ಬೀಳಲಿಲ್ಲ. ಏಳನೆಯ ದಿನ ಬರಮ ದೊಡ್ಡ ತೋಪನ್ನು ಬುರುಜಿನ ಮೇಲೆ ಆ ಕಡೆಗೆ ತಿರುಗಿಸಿ ಅವರದೊಂದು ತೋಪಿನ ಗಾಲಿ ಮುರಿದ. ಕೆಳಗೆ ಕೇರಿಯಲ್ಲಿ ಒಂದೊಂದು ಹೊಡೆತಕ್ಕೂ ಗೂಡಿನ ಮಡಕೆಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಸಂಕವ್ವ ಕೆಲಸ ನಿಲ್ಲಿಸಿ ಆ ಸದ್ದು ಕೇಳುತ್ತಿದ್ದಳು. ಕೇಳಿ ಮತ್ತೆ ಕೆಲಸಕ್ಕೆ ಬಗ್ಗುತ್ತಿದ್ದಳು. ಎಂಟನೆಯ ದಿನ ಬೆಳಿಗ್ಗೆ ನೋಡಿದರೆ ಬಯಲು ಖಾಲಿ. ಕಂಪನಿಯವರು ಡೇರೆ ಕಿತ್ತು ಹೋಗಿದ್ದರು.

ಅವತ್ತೇ ಅವಳು ಸತ್ತದ್ದು. ಅಗಸಿಯ ಹತ್ತಿರ ಹಳೆಯ ದನದ ದೊಡ್ಡಿಯ ಗೋಡೆ ಇತ್ತು. ಒಳ್ಳೆಯ ಬಿಳಿ ಮಣ್ಣು ಏಳುವ ಗೋಡೆ. ಏಳು ದಿನದ ತೋಪಿನ ಹೊಡೆತಕ್ಕೆ ಅದರ ಒಳಗು ಸಡಿಲವಾಗಿತ್ತು, ಹೊರಗೆ ಕಾಣುತ್ತಿರಲಿಲ್ಲ. ಅವಳು ಬುಡದಲ್ಲಿ ಕೂತು ಕೆರೆಯುವಾಗ ಗೋಡೆ ಕೂತಿತು. ಹುಚ್ಚೀರಪ್ಪ ಕೆರೆಯುವ ಸಲಿಕೆಯಿಂದಲೇ ಮಣ್ಣು ತೆಗೆದ. ಒಬ್ಬನೇ ತೆಗೆದ, ಆಮೇಲೆ ಜನ ಬಂದರು. ಬುಟ್ಟಿ ಮೊದಲು ಸಿಕ್ಕಿತು. ಅರ್ಧ ತುಂಬಿತ್ತು. ಅವನು ಅಳಲಿಲ್ಲ ಎನ್ನುತ್ತಾರೆ. ಬುಟ್ಟಿಯನ್ನು ಒಂದು ಕಡೆ ನೆಟ್ಟಗೆ ಇಟ್ಟು, ಮಣ್ಣು ಚೆಲ್ಲದ ಹಾಗೆ ನೋಡಿಕೊಂಡು, ಮುಂದಕ್ಕೆ ತೋಡಿದ.

ಆ ಕೇರಿಯಲ್ಲಿ ಒಂದು ನಡಾವಳಿ ಇತ್ತು. ಉಪ್ಪು ತೆಗೆಯುವವರ ಮನೆಯಲ್ಲಿ ಹೆಂಡತಿ ಸತ್ತರೆ ಗಂಡ ಹದಿಮೂರು ದಿನ ನಾಲಿಗೆಗೆ ಉಪ್ಪು ಸೋಕಿಸಬಾರದು. ಹದಿಮೂರನೆಯ ದಿನ ಕೇರಿಯ ಹಿರಿಯರು ಬಂದು ಒಂದು ಹರಳು ನಾಲಿಗೆಯ ಮೇಲೆ ಇಟ್ಟ ಮೇಲೆ ಉಪ್ಪಿನ ಊಟ. ಅವಳು ಜನ್ಮ ಪೂರ್ತಿ ಉಪ್ಪಿನಲ್ಲಿ ದುಡಿದಳು, ಅಷ್ಟಾದರೂ ಅವಳ ಸಲುವಾಗಿ ಬಿಡಬೇಕು ಎಂಬ ಲೆಕ್ಕ. ಹುಚ್ಚೀರಪ್ಪ ಬಿಟ್ಟ. ಬಿಡುವುದು ಅವನಿಗೆ ಕಷ್ಟವೂ ಆಗಲಿಲ್ಲ. ನೀಲವ್ವ ಸಪ್ಪೆ ರೊಟ್ಟಿ, ಸಪ್ಪೆ ಬೇಳೆ ತಂದಿಟ್ಟರೆ ತಿನ್ನುತ್ತಿದ್ದ. ತಿಂದದ್ದು ಏನು ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಜನ ಬಂದು ಕೂತು ಏನೇನೋ ಹೇಳುತ್ತಿದ್ದರು. ಹೂಂ ಎನ್ನುತ್ತಿದ್ದ. ಬಿಸಿಲು ಹೊಸ್ತಿಲಿಂದ ಒಳಗೆ ಬಂದು ಗೋಡೆಗೆ ಹೋಗುತ್ತಿತ್ತು. ಒಂದು ದಿನ ಅಂದರೆ ಅಷ್ಟೇ ಆಗಿತ್ತು ಅವನಿಗೆ.

ನಾಲ್ಕನೆಯ ದಿನ ದೇಸಾಯಿಯ ಅಪ್ಪಣೆ ಬಂತು. ಕಂಪನಿಯವರು ದೊಡ್ಡ ದಂಡು ಕೂಡಿಸುತ್ತಿದ್ದಾರೆ, ಮಳೆ ಹಿಡಿಯುವ ಮುಂಚೆ ಬರುತ್ತಾರೆ, ಇದ್ದ ಮದ್ದೆಲ್ಲ ಅಗಸಿಯಲ್ಲಿ ಖರ್ಚಾಗಿದೆ, ಒಲೆ ಹಚ್ಚಬೇಕು ಎಂದು. ಸೂತಕದ ಮನೆಯಲ್ಲಿ ಹೇಗೆ ಹಚ್ಚುವುದು ಎಂದು ಕೇರಿಯ ಹಿರಿಯರು ಕೂತು ಮಾತಾಡಿದರು. ಇದು ಊರಿನ ಜೀವದ ಮಾತು, ಒಲೆ ಹಚ್ಚಲಿ ಎಂದು ಒಪ್ಪಿದರು. ಉಪ್ಪು ಬಿಡುವ ಮಾತು ಅಲ್ಲಿ ಬರಲಿಲ್ಲ. ಅದು ಊಟದ ನೇಮ, ಇದು ಒಲೆಯ ಕೆಲಸ. ಎರಡಕ್ಕೂ ಸಂಬಂಧ ಇದೆ ಎಂದು ಕೂತ ಗಂಡಸರಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ರುಚಿ ನೋಡುತ್ತಿದ್ದವಳು ಇರಲಿಲ್ಲ.

ಹುಚ್ಚೀರಪ್ಪ ಒಲೆ ಹಚ್ಚಿದ. ಅವಳು ಕೆರೆದ ಅರ್ಧ ಬುಟ್ಟಿಯನ್ನೂ ಗುಂಡಿಗೆ ಹಾಕಿದ. ಐದು ದಿನ ಕುದಿಸಿದ. ಕೈಗೆ ಕೆಲಸ ಗೊತ್ತಿತ್ತು, ಮಾಡಿತು. ಮಡಕೆಗಳಲ್ಲಿ ಸೂಜಿಗಳು ಕಟ್ಟಿದವು. ಅವನು ಒಂದು ಚಿಟಿಕೆ ತೆಗೆದು ಕೆಂಡದ ಮೇಲೆ ಎಸೆದ. ಭಗ್ಗನೆ ಉರಿಯಿತು. ಉರಿಯುವಾಗ ನಡುವೆ ಚಟ್ ಚಟ್ ಎಂದು ಸಣ್ಣ ಸದ್ದು ಬಂತು. ಊಟದ ಉಪ್ಪು ಕೆಂಡದಲ್ಲಿ ಮಾಡುವ ಸದ್ದು ಅದು. ಅವನು ಕೇಳಿಸಿಕೊಂಡ. ಎಲ್ಲೋ ದೂರದಲ್ಲಿ ಯಾರೋ ಕಡ್ಡಿ ಮುರಿದಂತೆ ಕೇಳಿಸಿತು. ಮಡಕೆಯ ಮುಂದೆ ಬಗ್ಗಿ ಬೆರಳು ಚಾಚಿದ. ಬಾಯಿಗೆ ತರಲಿಲ್ಲ. ಇನ್ನೂ ಒಂಬತ್ತನೆಯ ದಿನ. ಅವಳಿಗೆ ಕೊಡಬೇಕಾದ ಹದಿಮೂರರಲ್ಲಿ ನಾಲ್ಕು ಬಾಕಿ ಇದ್ದವು. ಬೆರಳನ್ನು ಪಂಚೆಗೆ ಒರೆಸಿಕೊಂಡ.

ನೀಲವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಅಣ್ಣಾ, ನಾ ನೋಡ್ಲೇನು? ಸಂಕಿ ನನಗೂ ಎರಡ ಸಲ ತೋರಿಸಿದ್ದಳು. ತಣ್ಣಗ ಆಗಬೇಕಂತ, ಹೌದಿಲ್ಲೋ?"

ಹುಚ್ಚೀರಪ್ಪ ಅವಳ ಬೆರಳು ನೋಡಿದ. ಆ ಮಡಕೆಯ ಮೇಲೆ ಬೇರೆ ಬೆರಳು ಬರುವುದು ಅವನಿಗೆ ಆಗಲಿಲ್ಲ. "ಬ್ಯಾಡ" ಎಂದ. ನೀಲವ್ವ ಸೆರಗು ಹೊದ್ದುಕೊಂಡು ಹೋದಳು.

ಮಧ್ಯಾಹ್ನ ಮದ್ದಿನ ಮನೆಯ ಮುಖ್ಯಸ್ಥ ದಸ್ತಗೀರಸಾಬ ಎತ್ತಿನ ಗಾಡಿ ತಂದ. ವಯಸ್ಸಾದವನು. ಮೂರು ದೇಸಾಯಿಗಳ ಕಾಲ ನೋಡಿದವನು. ಮಡಕೆಗಳನ್ನು ಗಾಡಿಗೆ ಏರಿಸುವ ಮುಂಚೆ ಕೇಳಿದ.

"ಹುಚ್ಚೀರ, ಎಷ್ಟ ಸಲ ಕುದಿಸಿದಿ?"

"ಮೂರ."

"ರುಚಿ ನೋಡಿ ಆಗೇತಲ್ಲ?"

"ಹೂಂ."

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಆ ದಿನಗಳಲ್ಲಿ ಯಾರು ಏನು ಕೇಳಿದರೂ ಬಾಯಿಂದ ಬರುತ್ತಿದ್ದುದು ಹೆಚ್ಚಾಗಿ ಅದೊಂದೇ. ದಸ್ತಗೀರಸಾಬ ಅವನ ಮುಖ ನೋಡಿ ಹೆಚ್ಚು ಕೇಳಲಿಲ್ಲ. ಹೆಂಡತಿ ಸತ್ತವನನ್ನು ಎಷ್ಟು ಕೆದಕುವುದು. ಮಡಕೆ ಏರಿಸಿಕೊಂಡು ಹೋದ. ಮರುದಿನ ಇದ್ದಿಲು ಗಂಧಕ ಸೇರಿಸಿ ಅರೆದು, ಸುಡುಬಿಸಿಲಲ್ಲಿ ಎಲ್ಲರ ಮುಂದೆ ಹಚ್ಚಿ ನೋಡಿದ. ಚೆನ್ನಾಗಿ ಉರಿಯಿತು. ತೊಗಲಿನ ಚೀಲಗಳಿಗೆ ತುಂಬಿ ಬುರುಜಿಗೆ ಸಾಗಿಸಿದ.

ಅವತ್ತು ಸಂಜೆಯ ಮುಂಚೆ ಬರಮ ಇಳಿದು ಬಂದ. ಅಕ್ಕ ಹೋದ ಮೇಲೆ ಅವನ ಮಾತೂ ಕಡಿಮೆಯಾಗಿತ್ತು. ಮಾವನ ಪಕ್ಕ ಕೂತು ನೀಲವ್ವ ಕೊಟ್ಟ ರೊಟ್ಟಿ ತಿಂದ. ತನಗೆ ಬೇರೆ ತಂದ ಉಪ್ಪಿನ ಪಲ್ಯ ಮುಟ್ಟಲಿಲ್ಲ. "ನಾನೂ ಸಪ್ಪೆ ತಿಂತೀನಿ ಮಾವ. ನಮ್ಮಕ್ಕ ನಿನಗೊಬ್ಬನಿಗೇನ?" ಎಂದ. ಎದ್ದು ಹೋಗುವಾಗ ಬಾಗಿಲಲ್ಲಿ ತಿರುಗಿ, "ಹದಿಮೂರಕ್ಕ ಬರ್ತೀನಿ. ಹಿರ್ಯಾರು ಬ್ಯಾಡ, ಉಪ್ಪು ನಾನಽ ಇಡ್ತೀನಿ ನಿನ್ನ ನಾಲಿಗಿ ಮ್ಯಾಲ" ಎಂದ. ಹುಚ್ಚೀರಪ್ಪ ಹೂಂ ಎಂದ. ಬರಮ, "ಇವತ್ತಿಂದು ಮುಗೀತು" ಎಂದು ಮೆಟ್ಟಿಲು ಹತ್ತಿದ.

ಹನ್ನೊಂದನೆಯ ದಿನ ರೋಹಿಣಿ ಮಳೆ ಶುರುವಾಯಿತು. ಜೋರು ಮಳೆಯಲ್ಲ. ಜಿನುಗು. ಗೋಡೆ ಬೆವರುವಂಥ ಗಾಳಿ. ಹುಚ್ಚೀರಪ್ಪನ ಮನೆಯಲ್ಲಿ ಮೂಲೆಗೆ ಚೆಲ್ಲಿದ್ದ ಊಟದ ಉಪ್ಪು ನೆನೆದು ನೆಲ ಕಪ್ಪಾಯಿತು. ಅವನು ಅದನ್ನು ನೋಡುತ್ತಾ ಕೂತಿದ್ದ. ಇದೇ ಉಪ್ಪು ಮದ್ದಿನಲ್ಲೂ ಇದೆ ಎಂಬುದು ಎಷ್ಟು ಹೊತ್ತಿನ ಮೇಲೆ ತಲೆಗೆ ಹೋಯಿತೋ ತಿಳಿಯದು. ಹನ್ನೆರಡನೆಯ ದಿನ ಹೊತ್ತು ಏರುವಾಗ ಕಂಪನಿಯ ದಂಡು ಪಡುವಣ ದಿಕ್ಕಿನಿಂದ ಬಂತು. ಎರಡು ಸಾವಿರ ಎನ್ನುತ್ತಾರೆ, ಮೂರು ಎನ್ನುವವರೂ ಇದ್ದಾರೆ. ಈ ಸಲ ಅಗಸಿಗೆ ಹೋಗಲಿಲ್ಲ, ನೇರ ಬುರುಜಿನ ಬುಡಕ್ಕೆ ಏಣಿ ಹೊತ್ತುಕೊಂಡು ಬಂದರು. ಕೇರಿಯ ಜನ ಒಳಕೋಟೆಗೆ ಓಡಿದರು. ಹುಚ್ಚೀರಪ್ಪ ಮನೆಯಲ್ಲೇ ನಿಂತ. ಗೂಡಿನ ಮಡಕೆಗಳ ಕಡೆ ಮುಖ ಮಾಡಿ ನಿಂತ. ಕಹಳೆ ಕೇಳಿಸಿತು. ಜನರ ಕೂಗು ಕೇಳಿಸಿತು. ಕಂಪನಿಯವರ ಬಂದೂಕು ಕೇಳಿಸಿದವು. ದೊಡ್ಡ ತೋಪು ಕೇಳಿಸಲಿಲ್ಲ. ಮಡಕೆಗಳು ಅಲುಗಲಿಲ್ಲ. ಅವನು ಕಾದ. ಒಮ್ಮೆ ಮೇಲಿನಿಂದ, ಬಿಸಿ ಹಂಚಿನ ಮೇಲೆ ನೀರು ಚೆಲ್ಲಿದಂಥ ಸದ್ದು ಬಂತು. ಮತ್ತೊಮ್ಮೆ ಬಂತು. ಮಡಕೆಗಳು ಹಾಗೇ ಇದ್ದವು.

ಆಗ ಅವನು ಹೊರಗೆ ಬಂದು ಮೆಟ್ಟಿಲು ಹತ್ತಲು ನೋಡಿದ. ಮೇಲಿನಿಂದ ಗಾಯವಾದವರನ್ನು ಇಳಿಸುತ್ತಿದ್ದರು, ದಾರಿ ಸಿಗಲಿಲ್ಲ. ಅವರಲ್ಲೊಬ್ಬ ಹೇಳಿದ, ಮದ್ದು ಹಳೆಯ ಬೆಲ್ಲದ ಹಾಗೆ ಮುದ್ದೆಯಾಗಿದೆ, ಗುಂಡು ತೋಪಿನ ಬಾಯಿಂದ ಉರುಳಿ ಬಿತ್ತು, ಬರಮ ತೋಪು ಬಿಟ್ಟು ಕತ್ತಿ ಹಿಡಿದಿದ್ದಾನೆ ಎಂದು. ಬರಮ ಮತ್ತು ಅವನ ಸಂಗಡ ಹನ್ನೊಂದು ಮಂದಿ ಮಧ್ಯಾಹ್ನದ ತನಕ ಆ ಬುರುಜನ್ನು ಕತ್ತಿಯಲ್ಲೇ ಹಿಡಿದರು. ಆಮೇಲೆ ಹಿಡಿಯಲು ಯಾರೂ ಉಳಿಯಲಿಲ್ಲ. ಏಣಿ ಹತ್ತಿದವರು ಒಳಗಿನಿಂದ ಅಗಸಿ ತೆಗೆದರು. ದೇಸಾಯಿಯನ್ನು ಹಿಡಿದು ಗಾಡಿಯಲ್ಲಿ ಕೂರಿಸಿ ಒಯ್ದರು. ಅವನು ಮರಳಿ ಬರಲಿಲ್ಲ.

ಕಾಳಗ ನಿಂತ ಮೇಲೆ ಹೆಣ ತೆಗೆದುಕೊಳ್ಳಲು ಬಿಟ್ಟರು. ಹುಚ್ಚೀರಪ್ಪ ಬುರುಜು ಹತ್ತಿದ. ಬರಮ ತೋಪಿನ ಗಾಲಿಗೆ ಒರಗಿ ಕೂತಂತೆ ಇದ್ದ. ಕೈಯಲ್ಲಿ ಇನ್ನೂ ಮದ್ದು ಮೆತ್ತಿತ್ತು, ಬೆರಳಿನಿಂದ ಕೆದರಿ ಒಣಗಿಸಲು ನೋಡಿರಬೇಕು. ಹುಚ್ಚೀರಪ್ಪ ಅವನ ಪಕ್ಕ ಕುಕ್ಕರಗಾಲಲ್ಲಿ ಕೂತ. ತೋಪಿನ ಬಾಯಿಗೆ ಕೈ ಹಾಕಿ ಕಪ್ಪು ಮುದ್ದೆಯಿಂದ ಚೂರು ತೆಗೆದ. ನಾಲಿಗೆಗೆ ಹಚ್ಚಿದ. ಕಣ್ಣು ಮುಚ್ಚಿದ. ಮೊದಲು ಗಂಧಕ. ಆಮೇಲೆ ತಣ್ಣಗಾಯಿತು. ತಣ್ಣಗಿನ ಹಿಂದೆ ಊಟದ ಉಪ್ಪು, ಸ್ಪಷ್ಟವಾಗಿ. ಯಾವ ನಾಲಿಗೆಗಾದರೂ ಗೊತ್ತಾಗುತ್ತಿತ್ತು. ಅವನ ನಾಲಿಗೆಗೂ ಗೊತ್ತಾಯಿತು.

ಮೂರು ದಿನ ಬಿಟ್ಟು ಉಳಿದವರೆಲ್ಲ ಒಣಗಿದ ಕೆರೆಯಂಗಳದಲ್ಲಿ ಸೇರಿದರು. ಮದ್ದು ಯಾಕೆ ಕೆಟ್ಟಿತು ಎಂಬುದೊಂದೇ ಎಲ್ಲರ ಬಾಯಲ್ಲಿ. ಗೆದ್ದುಕೊಂಡು ಬಂದ ಊರು ಹಾಗೆ ಸುಮ್ಮನೆ ಸೋಲುವುದಿಲ್ಲ, ಒಳಗಿನವರು ಯಾರೋ ಕೈ ಹಾಕಿದ್ದಾರೆ ಎಂದರು. ದಸ್ತಗೀರಸಾಬನ ಕೈ ಕಟ್ಟಿ ನಡುವೆ ಕೂರಿಸಿದ್ದರು. ಊರ ಗೌಡ ಅವನ ಮುಂದೆ ನಿಂತಿದ್ದ. ಗೌಡನ ಮಗನೂ ಬುರುಜಿನ ಮೇಲೆ ಸತ್ತಿದ್ದ.

"ಯಾರ ಮಾತು ಕೇಳಿ ಹಿಂಗ ಮಾಡಿದಿ ಸಾಬ? ಒಂದಽ ಸಲ ಕೇಳ್ತೀನಿ."

"ನಾ ಹಚ್ಚಿ ನೋಡೀನ್ರಿ ಗೌಡ್ರ. ನೀವೂ ಅಲ್ಲೇ ನಿಂತಿದ್ರಿ. ಅವತ್ತು ಉರೀತು."

"ಉರೀತು. ಆಮ್ಯಾಲ ಏನ ಬೆರಸಿದಿ?"

ಹುಚ್ಚೀರಪ್ಪ ಹಿಂದಿನಿಂದ ಎದ್ದು ಬಂದ. ಅಷ್ಟು ಜನರ ಮುಂದೆ ಅವನು ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ.

"ಸಾಬರ ಕೈ ಬಿಚ್ಚರಿ. ಉಪ್ಪು ನಂದು. ಉಪ್ಪಿನಾಗಽ ದೋಷ ಇತ್ತು."

"ನಿನ್ನ ಯಾರ ಕೇಳ್ಯಾರ?" ಎಂದ ಗೌಡ. "ಹೇಣ್ತಿ ಸತ್ತಾಳ, ಮೈದುನ ಸತ್ತಾನ. ದುಃಖದಾಗ ಏನರ ಮಾತಾಡಬ್ಯಾಡ, ಕೂಡು."

"ದುಃಖ ಅಲ್ಲರಿ. ನಾ ರುಚಿ ನೋಡಲಿಲ್ಲ. ಉಪ್ಪು ಬಿಟ್ಟಿದ್ದೆ. ಸಾಬರು ಕೇಳಿದಾಗ ಹೂಂ ಅಂದೆ."

"ನೋಡದ ಯಾಕ ಹೂಂ ಅಂದಿ?"

ಹುಚ್ಚೀರಪ್ಪ ದಸ್ತಗೀರಸಾಬನ ಕಟ್ಟಿದ ಕೈ ನೋಡಿದ.

"ಅವಾಗ ಎಲ್ಲಾದಕ್ಕೂ ಹೂಂ ಅಂತಿದ್ದೆ" ಎಂದ.

ಗೌಡ ಅವನನ್ನು ನೋಡಿದ. ಹೊಡೆಯಲು ಎತ್ತಿದ ಕೈ ಎಲ್ಲಿಡುವುದು ಎಂದು ತಿಳಿಯದೆ ತನ್ನ ರುಮಾಲಿನ ಮೇಲೆ ಇಟ್ಟುಕೊಂಡ ಎನ್ನುತ್ತಾರೆ. ದಸ್ತಗೀರಸಾಬನ ಕೈ ಬಿಚ್ಚಿದರು. ಹುಚ್ಚೀರಪ್ಪನನ್ನು ಯಾರೂ ಮುಟ್ಟಲಿಲ್ಲ, ಬೈಯಲಿಲ್ಲ. ಒಬ್ಬೊಬ್ಬರೇ ಎದ್ದು ಹೋದರು. ದಸ್ತಗೀರಸಾಬ ಮಣಿಕಟ್ಟು ತಿಕ್ಕಿಕೊಳ್ಳುತ್ತಾ ಕೊನೆಗೆ ಉಳಿದ. "ಒಂದ ಮಾತು ಹೇಳಿದ್ರ ನಾನಽ ನಾಲಿಗಿ ಮ್ಯಾಲ ಹಾಕ್ಕೊಂತಿದ್ನೆಲ್ಲೋ ಹುಚ್ಚೀರ" ಎಂದ.

ಹದಿಮೂರನೆಯ ದಿನ ಕಾಳಗದ ಮರುದಿನವೇ ದಾಟಿ ಹೋಗಿತ್ತು. ಹಿರಿಯರು ತಡವಾಗಿಯಾದರೂ ಉಪ್ಪಿನ ಹರಳು ತಂದರು. ಅವನು ತುಟಿ ತೆಗೆಯಲಿಲ್ಲ. ಇಡಬೇಕಾದವನು ಬೇರೆ ಇದ್ದ ಎಂದಷ್ಟೇ ಹೇಳಿದ. ಕಂಪನಿಯವರು ಸಿಡಿಮದ್ದು ಇಟ್ಟು ಮೂರು ದಿಕ್ಕಿನ ಗೋಡೆ ಕೆಡವಿದರು. ಪಡುವಣ ಬುರುಜನ್ನು ಯಾಕೆ ಬಿಟ್ಟರೋ ತಿಳಿಯದು. ಬುಡದ ಕಲ್ಲು ಗಟ್ಟಿ ಇತ್ತು ಎಂದು ಕೆಲವರು, ಅವರಿಗೂ ಮಳೆ ಅಡ್ಡ ಬಂತು ಎಂದು ಕೆಲವರು. ಹುಚ್ಚೀರಪ್ಪ ಮನೆ ಬಿಟ್ಟು ಆ ಬುರುಜಿನ ಮೇಲೆ ಒಂದು ಚಪ್ಪರ ಹಾಕಿಕೊಂಡ. ಕೇರಿಯವರ ಮಣ್ಣು ಹೊತ್ತು ಹೊಟ್ಟೆ ಹೊರೆದ. ಮತ್ತೆ ಒಲೆ ಹಚ್ಚಲಿಲ್ಲ, ಮತ್ತೆ ಉಪ್ಪು ತಿನ್ನಲಿಲ್ಲ. ಹೀಗೆ ಇಪ್ಪತ್ತೆರಡು ವರ್ಷ. ಹೊಸ ಜನಕ್ಕೆ ಅವನ ಹೆಸರು ಗೊತ್ತಿರಲಿಲ್ಲ. ಉಪ್ಪು ಬಿಟ್ಟಪ್ಪ ಎಂದರು. ಅವನು ಓಗೊಟ್ಟ.

ಕೊನೆಗಾಲದಲ್ಲಿ ಒಂದು ಸಲ ಕೇರಿಯ ಶಿದಗೊಂಡ ಎಂಬವನು ಮೆಟ್ಟಿಲು ಹತ್ತಿ ಬಂದ. ಬಾವಿ ತೋಡುವ ಆಳು. ಹೆಂಡತಿಯನ್ನು ಮಣ್ಣು ಮಾಡಿ ಎರಡು ದಿನವಾಗಿತ್ತು. ಬಂದವನು ಎದುರಿಗೆ ಕೂತ. ನೆರಳು ಒಂದು ಮಾರು ಸರಿದ ಮೇಲೆ ಶಿದಗೊಂಡ ಕೇಳಿದ.

"ಉಪ್ಪು ಎಷ್ಟ ದಿನ ಬಿಡಬೇಕು ಯಪ್ಪಾ? ಹದಿಮೂರು ಸಾಕೋ, ನಿನ್ನಂಗ ಪೂರಾ ಬಿಟ್ಟ ಬಿಡ್ಲೋ?"

"ನಾಳೆ ಕೆಲಸ ಐತೇನು?"

"ಐತಿ. ಬಾವ್ಯಾಗ ನಾಕ ಮಂದಿ ಇಳೀತಾರ. ಹಗ್ಗ ನನ್ನ ಕೈಯಾಗ."

"ಹಂಗಾರ ಇವತ್ತಽ ತಿನ್ನು."

"ಮೂರನೇ ದಿನ ಅಷ್ಟ ಯಪ್ಪಾ ಇವತ್ತಿಗೆ. ಆಕಿಗೆ ಹದಿಮೂರು ಕೊಡಬೇಕಲ್ಲ."

"ನಾ ಆಕಿಗೆ ಹನ್ನೆರಡು ಕೊಟ್ಟೆ" ಎಂದ ಹುಚ್ಚೀರಪ್ಪ. "ಆಕಿ ತಮ್ಮನ್ನ ಕೊಟ್ಟೆ." ಆಮೇಲೆ ಕೇಳಿದ. "ನಿನ್ನ ಹೇಣ್ತಿ ಕಡಿಯವರು ಯಾರದಾರ?"

"ತಮ್ಮ ಅದಾನ. ಕೆಳಗ ನಿಂತಾನ."

"ಕರಿ ಅವನ್ನ. ಅವನ ಕೈಲೆ ಇಡಿಸ್ಕೊ."

ಆ ಮೈದುನ ಹತ್ತಿ ಬಂದು ಅವನ ನಾಲಿಗೆಯ ಮೇಲೆ ಉಪ್ಪಿನ ಹರಳು ಇಟ್ಟ. ಶಿದಗೊಂಡ ಬಾಯಿ ಮುಚ್ಚಿ ಕೂತ. ಏನನಸ್ತೈತಿ ಎಂದು ಹುಚ್ಚೀರಪ್ಪ ಕೇಳಿದ. ಶಿದಗೊಂಡ ಹೂಂ ಎಂದ. ಹುಚ್ಚೀರಪ್ಪ ತಲೆ ಅಲ್ಲಾಡಿಸಿ, "ಇನ್ನೊಂದ ಹರಳ ಇಡು" ಎಂದು ಮೈದುನನಿಗೆ ಹೇಳಿದ. ಮರುವರ್ಷ ಹುಚ್ಚೀರಪ್ಪ ತೀರಿಕೊಂಡ. ಅವನನ್ನು ಎಲ್ಲಿ ಹೂಳಿದರು ಎಂಬ ಗುರುತು ಉಳಿದಿಲ್ಲ. ಕೇರಿಯ ನಡಾವಳಿ ಮಾತ್ರ ಅವತ್ತಿನಿಂದ ಹದಿಮೂರು ಹೋಗಿ ಮೂರು ಆಯಿತು.

ಈಗಲೂ ಜಾಲಿಗಡ ನೋಡಲು ಹೋದವರಿಗೆ ಒಮ್ಮೊಮ್ಮೆ ಕಾಣಸಿಗುತ್ತದೆ. ಕೇರಿಯವರಷ್ಟೇ ಅಲ್ಲ, ಸುತ್ತಲಿನ ಹಳ್ಳಿಗಳಿಂದಲೂ ಬರುತ್ತಾರೆ. ಟ್ರ್ಯಾಕ್ಟರ್ ಹೊಡೆಯುವವರು, ಲೈನ್‌ಮನ್ ಕೆಲಸದವರು, ಬಸ್ಸಿನ ಡ್ರೈವರುಗಳು. ಹೆಂಡತಿ ಸತ್ತ ಮೂರನೆಯ ದಿನ, ಕೆಲಸಕ್ಕೆ ಮರಳುವ ಮುಂಚೆ. ಪೂಜೆ ಇಲ್ಲ, ಕಾಯಿ ಇಲ್ಲ, ಪೂಜಾರಿ ಇಲ್ಲ. ಇಬ್ಬರೇ ಮೇಲೆ ಹತ್ತುತ್ತಾರೆ, ಸತ್ತವಳ ಗಂಡ ಮತ್ತು ಸತ್ತವಳ ತಮ್ಮ. ತಮ್ಮ ಇರದಿದ್ದರೆ ತವರಿನವರು ಯಾರಾದರೂ. ಅವನು ಅಂಗಡಿಯ ಪೊಟ್ಟಣದಿಂದ ಚೂರು ಉಪ್ಪು ತೆಗೆದು ಗಂಡನ ನಾಲಿಗೆಯ ಮೇಲೆ ಇಟ್ಟು, ಏನನಸ್ತೈತಿ ಎಂದು ಕೇಳುತ್ತಾನೆ. ಹೂಂ ಎಂದರೆ ಒಪ್ಪುವುದಿಲ್ಲ. ತಲೆ ಅಲ್ಲಾಡಿಸಿದರೂ ಒಪ್ಪುವುದಿಲ್ಲ. ಬಾಯಿಬಿಟ್ಟು ಹೇಳಬೇಕು, ಉಪ್ಪು ಎಂದು. ಕೆಲವರು ಬೇಗ ಹೇಳುತ್ತಾರೆ. ಕೆಲವರಿಗೆ ಬಹಳ ಹೊತ್ತು ಹಿಡಿಯುತ್ತದೆ. ಅಲ್ಲಿಯ ತನಕ ಹೆಂಡತಿಯ ತಮ್ಮ ಪೊಟ್ಟಣ ಹಿಡಿದುಕೊಂಡು ಪಕ್ಕದಲ್ಲಿ ನಿಂತಿರುತ್ತಾನೆ.